ದುಡ್ಡು ತಗೊಳ್ಳಿ, ಹೆಸರು ಮಾತ್ರ ಬೇಡ

ನಮ್ಮೂರು ಗುತ್ತಲಿನ ಒಂದು ದೇವಸ್ಥಾನದಲ್ಲಿ ಒಂದು ಫ್ಯಾನಿದೆ. ಮೂರು ರೆಕ್ಕೆ. ಒಂದರ ಮೇಲೆ ಕೆಂಪು ಬಣ್ಣದಲ್ಲಿ ‘ದಾನಿಗಳು’ ಅಂತ ಬರೆದಿದೆ. ಇನ್ನೊಂದರ ಮೇಲೆ ‘ಬೋರಲಿಂಗಣ್ಣ’. ಮೂರನೆಯದರ ಮೇಲೆ ‘ಮತ್ತು ಮಕ್ಕಳು’. ಕರೆಂಟು ಹೋದಾಗ ಮಾತ್ರ ಓದಲು ಸಿಗುವ ಸಾಹಿತ್ಯ. (ಓದಲು ಸಾಕಷ್ಟು ಅವಕಾಶ ಸಿಗುತ್ತದೆ ಬಿಡಿ.)

ಪಕ್ಕದ ಟ್ಯೂಬ್‌ಲೈಟಿನ ಮೇಲೂ ಅವರದೇ ಹೆಸರು. ಎಷ್ಟು ದಪ್ಪ ಅಕ್ಷರ ಅಂದರೆ, ಪಾಪ, ಬೆಳಕು ಅಕ್ಷರಗಳ ಸಂದಿಯಲ್ಲಿ ಜಾಗ ಮಾಡಿಕೊಂಡು ಹೊರಗೆ ಬರಬೇಕು. ತೀರ್ಥದ ತಟ್ಟೆಯ ಅಂಚಿನಲ್ಲಿ ಅವರ ಹೆಸರು. ಚಪ್ಪಲಿ ಬಿಡುವ ಕಡೆ ಹಾಕಿದ ಕಲ್ಲುಬೆಂಚಿನ ಮೇಲೂ ಅವರ ಹೆಸರು. ಅದರ ಮೇಲೆ ಕೂರಲು ನನಗೆ ಸಂಕೋಚ.

ಇಂಥ ಬೋರಲಿಂಗಣ್ಣ ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದರು. ಕೈಯಲ್ಲಿ ಕವರು. ನಾನು ಮದ್ದೂರಿನ ಮ್ಯಾರಥಾನ್ ಓಡುತ್ತಿರುವುದು, ಅದಕ್ಕೆ ಹಣ ಸೇರಿಸುತ್ತಿರುವುದು ಅವರ ಕಿವಿಗೂ ಬಿದ್ದಿತ್ತು.

“ಒಳ್ಳೆ ಕೆಲ್ಸ ಕಣಮ್ಮ. ತಕಳಿ. ಆದ್ರೆ ಎಸ್ರು ಗಿಸ್ರು ಬರಿಬ್ಯಾಡಿ.”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. “ಯಾಕಣ್ಣ? ದಾನಿಗಳ ಹೆಸರನ್ನ ಫ್ಲೆಕ್ಸಲ್ಲಿ ಹಾಕ್ತಾರಂತೆ. ಫೋಟೋನೂ ಇರುತ್ತೆ.”

ಬೋರಲಿಂಗಣ್ಣ ಒಮ್ಮೆ ಗೇಟಿನ ಕಡೆ ತಿರುಗಿ ನೋಡಿದರು. ಆಮೇಲೆ ದನಿ ಇಳಿಸಿದರು. “ಮೊಮ್ಮಗಳಿಗೆ ಗಂಡು ನೋಡ್ತಾವ್ನಿ. ಪಿಟ್ಸ್ ಕಾಯ್ಲೆ ಫ್ಲೆಕ್ಸ್‌ನಲ್ಲಿ ನನ್ ಎಸ್ರು ಕಂಡ್ರೆ ಜನ ಏನನ್ಕಂಡಾರು? ಇವ್ರ ಮನೇಲೂ ಯಾರ್ಗೋ ಅದೆ ಅನ್ನಾಕಿಲ್ವಾ? ದುಡ್ಡು ತಕಳಿ, ಎಸ್ರೊಂದು ಬ್ಯಾಡ.”

ಕಾಫಿ ಕುಡಿದು ಹೊರಟರು. ನನಗೆ ಕೋಪ ಬಂದರೆ ಪಾತ್ರೆ ತೊಳೆಯುತ್ತೇನೆ. ಅವತ್ತು ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಅವರೊಬ್ಬರೇ ಆಗಿದ್ದರೆ ಸುಮ್ಮನಾಗುತ್ತಿದ್ದೆ. ನಾನು ಹಣ ಕೇಳಿದ ಒಂದು ಮನೆಯವರೂ ಇಲ್ಲ ಅನ್ನಲಿಲ್ಲ. ನಮ್ಮ ಜನ ಕೈ ಬಿಗಿ ಮಾಡುವವರಲ್ಲ. ಆದರೆ ಹೆಸರು? ‘ಹಿತೈಷಿಗಳು ಅಂತ ಹಾಕ್ಕೊಳಿ.’ ‘ಗುಪ್ತದಾನ ಅನ್ನಿ.’ ‘ನಮ್ಮೆಜಮಾನ್ರು ಬ್ಯಾಡ ಅಂದ್ರು.’ ನೋಡಿ, ಇದು ಯಾವ ಊರು? ಹುಟ್ಟುಹಬ್ಬಕ್ಕೆ ಫ್ಲೆಕ್ಸು, ಸೊಸೈಟಿ ಎಲೆಕ್ಷನ್‌ನಲ್ಲಿ ಗೆದ್ದರೆ ಫ್ಲೆಕ್ಸು, ಸೋತರೂ ‘ಮತ ನೀಡಿದ ಬಂಧುಗಳಿಗೆ ಧನ್ಯವಾದ’ ಅಂತ ಫ್ಲೆಕ್ಸು ಕಟ್ಟುವ ಊರು. ಗೆಳೆಯನ ಗೆಳೆಯನ ಮುಖ ಕೂಡ ಮೂಲೆಯಲ್ಲಿ ಕನ್ನಡಕ ಹಾಕಿಕೊಂಡು ನಗುತ್ತಿರುತ್ತದೆ. ಇಂಥ ಊರಿನಲ್ಲಿ ಇದೊಂದು ಕಾಯಿಲೆಯ ಹೆಸರು ಹೇಳಿದ್ದೇ ತಡ, ಎಲ್ಲರೂ ರಾತ್ರೋರಾತ್ರಿ ವೈರಾಗ್ಯಮೂರ್ತಿಗಳಾಗಿಬಿಟ್ಟರು!

ಕಾಯಿಲೆಯ ಮಾತೇ ಆಡದ ಜನ ಅಂತಲೂ ಅಲ್ಲ. ಓಟದ ಅಭ್ಯಾಸಕ್ಕೆ ಅಂತ ನಾನು ಬೆಳಿಗ್ಗೆ ಸಲ್ವಾರ್ ಮೇಲೆ ಕ್ಯಾನ್ವಾಸ್ ಶೂ ಹಾಕಿಕೊಂಡು ಹೊರಟರೆ, ಹಾಲಿನ ಡೈರಿಯ ಮುಂದೆ ನಿಂತವರು ರಸ್ತೆಯ ಆಚೆಯಿಂದಲೇ ಕೂಗುತ್ತಾರೆ: “ಎಷ್ಟಮ್ಮ ಸುಗರ್ರು?”

ನನಗೆ ಶುಗರ್ ಇಲ್ಲ. ಇಲ್ಲ ಅಂದರೆ ನಂಬುವುದಿಲ್ಲ. “ಮತ್ಯಾಕ್ ಓಡೀರಿ?” ಮದುವೆ ಮನೆಯ ಊಟದ ಸಾಲಿನಲ್ಲಿ ಎಲೆಗೆ ಹೋಳಿಗೆ ಹಾಕಿಸಿಕೊಳ್ಳುತ್ತಲೇ ತಮ್ಮ ತಮ್ಮ ಶುಗರ್ ಎಷ್ಟು ಅಂತ ಪಂದ್ಯ ಕಟ್ಟುತ್ತಾರೆ. ಬಿ.ಪಿ. ಬಗ್ಗೆ ಹೆಮ್ಮೆ. ಮಂಡಿನೋವಿಗೆ ಮಾನ್ಯತೆ. ಆದರೆ ಮೂರ್ಛೆ ರೋಗ ಅಂದರೆ ಮಾತ್ರ ಗೇಟಿನ ಕಡೆ ತಿರುಗಿ ನೋಡಬೇಕು. ಮಿದುಳು ಏನು ಮೈಯಲ್ಲಿ ಇಲ್ಲವೇ? ಬಾಡಿಗೆಗೆ ಬಂದು ಕೂತಿದೆಯೇ?

ಈಗ ನಾನು ಯಾಕೆ ಓಡಲು ಹೊರಟೆ ಅಂತ ಹೇಳಬೇಕು.

ಇಂಚರ ನನ್ನ ಮೈದುನನ ಮಗಳು. ಬೆಳಕವಾಡಿಯಲ್ಲಿ ಮನೆ, ಮಳವಳ್ಳಿಯಲ್ಲಿ ಸ್ಕೂಲು. ಆರನೆಯ ಕ್ಲಾಸು. ಎರಡು ಜಡೆ, ಮುಂದಿನ ಹಲ್ಲಿನಲ್ಲಿ ಒಂದು ಚೂರು ಮುಕ್ಕು, ಮಾತಿನಲ್ಲಿ ಯಾವ ಮುಕ್ಕೂ ಇಲ್ಲ. ಓಟದಲ್ಲಿ ಅವಳ ಕ್ಲಾಸಿನ ಗಂಡು ಹುಡುಗರೂ ಅವಳ ಹಿಂದೆಯೇ. ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದವಳು ಬಿದ್ದು ಒದ್ದಾಡಿದಳು. ಮೊದಲು ತಾಯತ ಆಯಿತು. ಆಮೇಲೆ ಇನ್ನೊಂದು ತಾಯತ ಆಯಿತು. ಕೊನೆಗೆ ಮೈಸೂರಿನ ಡಾಕ್ಟರು. ಜೊತೆಗೆ ನಾನೂ ಹೋಗಿದ್ದೆ.

ಡಾಕ್ಟರು ಗಾಬರಿಯನ್ನೇ ಪಡಲಿಲ್ಲ. ನೆಗಡಿಯ ಬಗ್ಗೆ ಹೇಳುವಂತೆ ಹೇಳಿದರು. ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡಿ. ನಿದ್ದೆ ಕೆಡಿಸಬೇಡಿ. ಉಳಿದಂತೆ ಓದಲಿ, ಓಡಲಿ, ಆಡಲಿ, ನಿಮ್ಮ ತಲೆ ತಿನ್ನಲಿ.

ಮಾತ್ರೆ ಶುರುವಾದ ಮೇಲೆ ಅವಳಿಗೆ ಫಿಟ್ಸ್ ಬಂದಿರಲಿಲ್ಲ. ಆದರೆ ಆ ಮಾತ್ರೆ ಎಲ್ಲಿರುತ್ತದೆ ಗೊತ್ತೇ? ಅಡುಗೆಮನೆಯಲ್ಲಿ, ರಾಗಿಹಿಟ್ಟಿನ ಡಬ್ಬದ ಹಿಂದೆ, ಒಂದು ವಿಟಮಿನ್ ಬಾಟಲಿಯಲ್ಲಿ. ಇಂಚರನ ಅಮ್ಮ ಸವಿತ, ಅಂದರೆ ನನ್ನ ಓರಗಿತ್ತಿ, ಅಂಗಡಿಯಿಂದ ತಂದ ದಿನವೇ ಮಾತ್ರೆಗಳನ್ನು ಪಟ್ಟಿಯಿಂದ ಒಂದೊಂದಾಗಿ ಬಿಡಿಸಿ ಆ ಬಾಟಲಿಗೆ ತುಂಬುತ್ತಾಳೆ. ಖಾಲಿ ಪಟ್ಟಿಯನ್ನು ಒಲೆಗೆ ಹಾಕುತ್ತಾಳೆ. ನೆಂಟರು ಕೇಳಿದರೆ, “ಸಕ್ತಿ ಮಾತ್ರೆ. ಉಡುಗಿ ಸಣ್ಕಾಗವ್ಳಲ್ಲ.” ಸ್ಕೂಲಿನಲ್ಲಿ ಒಬ್ಬ ಟೀಚರಿಗೂ ಹೇಳಿಲ್ಲ. ಇಂಚರನಿಗೂ ಅಪ್ಪಣೆಯಾಗಿದೆ, ಬಾಯಿ ಬಿಡಬಾರದು.

ಒಂದು ದಿನ ನಾನು ಕೇಳಿದೆ. “ಸವಿತ, ಸ್ಕೂಲಲ್ಲಿ ಏನಾದ್ರೂ ಆದ್ರೆ? ಅವರಿಗೆ ಏನು ಮಾಡ್ಬೇಕು ಅಂತಾದ್ರೂ ಗೊತ್ತಿರಬೇಡ್ವಾ?”

“ಗೊತ್ತಾದ್ರೆ ಒಬ್ರಿಂದ ಒಬ್ರಿಗೆ ಓಯ್ತದೆ ಅಕ್ಕ. ನಾಳೆ ಇವ್ಳಿಗೆ ಮದ್ವೆ ಮಾಡ್ಬೇಕು. ಎಣ್ ಮಗ ಕಣಕ್ಕ.”

ಹನ್ನೊಂದು ವರ್ಷದ ಹುಡುಗಿ. ಇನ್ನೂ ಮುಕ್ಕಾದ ಹಲ್ಲಿನ ಸಂದಿಯಿಂದ ಶಿಳ್ಳೆ ಹೊಡೆಯಲು ಕಲಿಯುತ್ತಿದ್ದಾಳೆ. ಅವಳ ಮಾತ್ರೆಯ ಬಾಟಲಿಯ ಮೇಲೆ ಆಗಲೇ ಅವಳ ಮದುವೆ ಕೂತಿದೆ!

ಸವಿತನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳ ಭಯ ಸುಳ್ಳಿನ ಭಯವಲ್ಲ. ನಾಳೆ ಬೋರಲಿಂಗಣ್ಣನಂಥವರೇ ತಮ್ಮ ಮೊಮ್ಮಗನಿಗೆ ಹೆಣ್ಣು ನೋಡಲು ಬರುವವರು. ಬಂದು, ಕಾಫಿ ಕುಡಿದು, ಪಕ್ಕದ ಮನೆಯಲ್ಲಿ ವಿಚಾರಿಸುವವರು.

ಇಂಥ ಹೊತ್ತಿನಲ್ಲೇ ಮದ್ದೂರಿನ ಕೆಲವರು ಸೇರಿ ಒಂದು ಕಮಿಟಿ ಮಾಡಿಕೊಂಡು ಮಕ್ಕಳ ಮೂರ್ಛೆ ರೋಗದ ಜಾಗೃತಿಗೆ ಮ್ಯಾರಥಾನ್ ಇಡುತ್ತಿದ್ದಾರೆ ಅಂತ ಗೊತ್ತಾಯಿತು. ಸೇರಿದ ಹಣದಲ್ಲಿ ಸ್ಕೂಲು ಸ್ಕೂಲಿಗೆ ಡಾಕ್ಟರನ್ನು ಕರೆದುಕೊಂಡು ಹೋಗಿ ಟೀಚರುಗಳಿಗೆ ತಿಳಿಸಿಕೊಡುವುದು. ನಿಡಘಟ್ಟದಿಂದ ಮದ್ದೂರಿಗೆ ಓಟ. (ನಿಜವಾದ ಮ್ಯಾರಥಾನ್ ಇದರ ನಾಲ್ಕು ಪಟ್ಟು ಇರುತ್ತದಂತೆ. ನಮ್ಮ ಕಡೆ ಟೀ ಶರ್ಟು ಕೊಟ್ಟರೆ ಅದು ಮ್ಯಾರಥಾನ್.) ಮಕ್ಕಳು ಮದ್ದೂರಿನ ಅಂಚಿನಿಂದ ಸೇರಿಕೊಳ್ಳಬಹುದು.

ನಾನು ಹೆಸರು ಕೊಟ್ಟೆ. ಜೀವಮಾನದಲ್ಲಿ ಬಸ್ಸಿಗೂ ಓಡದವಳು ನಾನು. ಇಂಚರನಿಗೆ ಹೇಳಿದರೆ ಅವಳು ಅಂಗಳದಲ್ಲಿ ನನ್ನನ್ನು ಓಡಿಸಿ ಪರೀಕ್ಷೆ ಮಾಡಿದಳು.

“ದೊಡ್ಡವ್ವ, ನೀನು ಓಡುದ್ರೆ ನಮ್ ಎಡ್‌ಮಿಸ್ಸು ನಡ್ದಂಗದೆ.” ಆಮೇಲೆ, “ನಾನೂ ಬತ್ತೀನಿ. ನಿನ್ನ ಒಬ್ಳನ್ನೇ ಬುಟ್ರೆ ಸಂಜೆ ಆಯ್ತದೆ.”

ಸವಿತ ಬಾಗಿಲಲ್ಲಿ ನಿಂತಿದ್ದಳು. “ಇಸ್ಕೂಲ್ ಓಟಕ್ಕೆ ಓಡು, ಯಾರ್ ಬ್ಯಾಡ ಅಂದೋರು? ಆ ಓಟಕ್ಕೆ ಬ್ಯಾಡ. ಇವ್ಳು ಅಲ್ಲಿ ಯಾಕ್ ಬಂದ್ಲು ಅಂತ ಕೇಳ್ತಾರೆ.”

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ಓಟಕ್ಕೆ ಒಂದು ವಾರ ಇರುವಾಗ ಟೀ ಶರ್ಟು ತರಲು ಮದ್ದೂರಿಗೆ ಹೋದೆ. ಬಿಡಿಸಿ ನೋಡಿದರೆ, ಎದೆಯ ಮೇಲೆ ಹಳದಿ ಅಕ್ಷರದಲ್ಲಿ ‘ಖುಷಿ ಮಕ್ಕಳ ಓಟ’. ಬೆನ್ನ ಮೇಲೆ ಇಬ್ಬರು ಮುಖಂಡರ ನಗುಮುಖ. ಮುಂದೆ ನೋಡಿದೆ, ಹಿಂದೆ ನೋಡಿದೆ, ತೋಳು ಮಡಚಿ ನೋಡಿದೆ. ಮೂರ್ಛೆ ಅನ್ನುವ ಪದ ಎಲ್ಲೂ ಇಲ್ಲ.

ಕಮಿಟಿಯ ಸೆಕ್ರೆಟರಿಯವರನ್ನು ಕೇಳಿದೆ. ನಯವಾದ ಮನುಷ್ಯ. ಶರ್ಟಿನ ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಎರಡು ಫೋನು.

“ಮೇಡಂ, ಆ ಪದ ಹಾಕಿದ್ರೆ ಸ್ಪಾನ್ಸರ್ಸ್ ಹಿಂದೆ ಸರೀತಾರೆ. ಪೇರೆಂಟ್ಸ್ ಮಕ್ಕಳನ್ನ ಕಳಿಸಲ್ಲ. ಸ್ವಲ್ಪ ನೆಗೆಟಿವ್ ಆಗುತ್ತೆ. ಪಾಸಿಟಿವ್ ಆಗಿ ಹೋಗೋಣ ಅಂತ.”

“ಹಾಗಾದ್ರೆ ಜಾಗೃತಿ ಯಾವುದರ ಬಗ್ಗೆ ಸರ್?”

“ಅದೇ ಮೇಡಂ… ಜನರಲ್ಲಾಗಿ.”

ಜನರಲ್ಲಾಗಿ ಜಾಗೃತಿ! ಕಳ್ಳರಿದ್ದಾರೆ ಎಚ್ಚರಿಕೆ ಅನ್ನುವ ಬೋರ್ಡಿನಲ್ಲಿ ಕಳ್ಳರು ಅನ್ನುವ ಪದ ಅಳಿಸಿ, ಖುಷಿಯಾಗಿರಿ ಅಂತ ಬರೆದ ಹಾಗೆ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು, ದನಿ ಎತ್ತಿದವಳ ಮಾತು ಅಲ್ಲೇ ಸೋತಿತು ಅಂತ. ಹಾಗಾಗಿ ಥ್ಯಾಂಕ್ಯೂ ಸರ್ ಅಂತ ಹೇಳಿ ಬಸ್ಸು ಹತ್ತಿದೆ. (ಮನೆಗೆ ಬಂದು ಪಾತ್ರೆ ತೊಳೆದೆ.)

ಆದರೆ ನೋಡಿ, ನಾನು ಸಿಟ್ಟಾದ ಅದೇ ಕಾರಣಕ್ಕೆ ಸವಿತ ಒಪ್ಪಿಬಿಟ್ಟಳು. ಟೀ ಶರ್ಟಿನ ಫೋಟೋ ಕಳಿಸಿದ್ದೆ. ಸಂಜೆಗೆ ಫೋನು. “ಅಕ್ಕ, ಇದ್ರ ಮ್ಯಾಲೆ ಅದ್ರ ಎಸ್ರೇ ಇಲ್ವಲ್ಲ. ಅಂಗಾದ್ರೆ ಕರ್ಕಬತ್ತೀನಿ. ನಮ್ಮೂರಿಂದ ಒಂದು ಟೆಂಪೋ ಬತ್ತಾ ಅದೆ. ಐಕ್ಳೆಲ್ಲ ಬತ್ತಾವೆ.” ಹಿಂದಿನಿಂದ ಇಂಚರನ ಶಿಳ್ಳೆ ಕೇಳಿಸಿತು. ಖುಷಿಯಾಯಿತು. ಖುಷಿಯಾಗಿದ್ದಕ್ಕೆ ಬೇಜಾರೂ ಆಯಿತು.

ಓಟದ ದಿನ ಸಂಕ್ರಾಂತಿಯ ಚಳಿ. ನಿಡಘಟ್ಟದಲ್ಲಿ ಮಂಜು ಎಷ್ಟಿತ್ತೆಂದರೆ ಹಸಿರು ಬಾವುಟ ಬೀಸಿದವರು ಯಾರು ಅಂತ ಓಡಿದವರಿಗೇ ಕಾಣಲಿಲ್ಲ. ನಾನು ಓಡಿದೆ, ನಡೆದೆ, ಮತ್ತೆ ಓಡಿದೆ. ಹಳೆಯ ರಸ್ತೆಯ ಪಕ್ಕ ಬೆಂಕಿ ಕಾಯಿಸಿಕೊಳ್ಳುತ್ತಿದ್ದ ಅಜ್ಜಿಯೊಬ್ಬಳು, “ಯಾಕವ್ವ ಅಂಗ್ ಓಡೀಯೆ? ಬಸ್ಸು ಇಂದೆ ಬತ್ತಾ ಅದೆ, ನಿಂತ್ಕೊ!” ಅಂದಳು. ನಿಂತುಕೊಳ್ಳುವ ಆಸೆ ನನಗೂ ಇತ್ತು.

ಮದ್ದೂರಿನ ಅಂಚಿನ ಪೆಟ್ರೋಲ್ ಬಂಕಿನ ಹತ್ತಿರ ಮಕ್ಕಳ ಸಾಲು. ಇಂಚರನ ಟೀ ಶರ್ಟು ಮೊಣಕಾಲಿನವರೆಗೆ ಬಂದಿತ್ತು. ಕಣ್ಣು ಸ್ವಲ್ಪ ಊದಿಕೊಂಡಿದ್ದವು. ಬೆಳಗಾಗುವ ಮೊದಲೇ ಎಬ್ಬಿಸಿ ಕರೆತಂದಿದ್ದರು. ಸವಿತ ಮುಂದೆ ಮೈದಾನದಲ್ಲಿ ಕಾಯುತ್ತೇನೆ ಅಂತ ಹೋಗಿದ್ದಳಂತೆ.

“ಬಂದ್ಯಾ? ನಾನು ನಿದ್ದೆ ಮಾಡಿ ಎದ್ದೆ,” ಅಂದಳು ಇಂಚರ.

ಇಬ್ಬರೂ ಓಡಿದೆವು. ಅವಳು ಮುಂದೆ ಹೋಗುವುದು, ತಿರುಗಿ ಹಿಮ್ಮುಖವಾಗಿ ಓಡುತ್ತಾ ನನ್ನನ್ನು ಅಣಕಿಸುವುದು, ಮತ್ತೆ ಮುಂದೆ ಹೋಗುವುದು. ಮೈದಾನದ ಕಮಾನು ಕಾಣುತ್ತಿತ್ತು. ವಡೆ ಕರಿಯುವ ವಾಸನೆ. ಇಂಚರ ಇದ್ದಕ್ಕಿದ್ದಂತೆ ನಿಂತಳು.

“ದೊಡ್ಡವ್ವ, ಬಾಯೆಲ್ಲ ಒಂಥರಾ ಆಯ್ತಾ ಅದೆ.”

ಅಷ್ಟೇ. ನಾನು ತೋಳು ಹಿಡಿಯುವಷ್ಟರಲ್ಲಿ ಮೈ ಸೆಟೆದುಕೊಂಡಿತು. ಹೇಗೋ ತಲೆ ಡಾಂಬರಿಗೆ ಹೊಡೆಯದಂತೆ ಅವಳ ಜೊತೆ ನಾನೂ ಕೆಳಗೆ ಕುಸಿದೆ.

ಕ್ಷಣದಲ್ಲಿ ಜನ. ಎಲ್ಲರ ಎದೆಯ ಮೇಲೂ ಹಳದಿ ಅಕ್ಷರ, ಖುಷಿ ಮಕ್ಕಳ ಓಟ. ಎಲ್ಲರ ಬಾಯಲ್ಲೂ ಒಂದೇ ಕೂಗು.

“ಕಬ್ಬಿಣ ಕೊಡ್ರಿ, ಕಬ್ಬಿಣ!”

“ಬೀಗದ ಕೈ ಕೈಗಿಡ್ರೀ!”

ನಮ್ಮ ಕಡೆ ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವುದು ವಾಡಿಕೆ. ಯಾಕೆ ಅಂತ ಯಾರೂ ಕೇಳಿಲ್ಲ. ಒಬ್ಬ ಬೈಕಿನ ಕೀ ತುರುಕಿದ. ಅದರ ಮೇಲೆ ಇನ್ನೊಬ್ಬ ಮನೆಯ ಕೀ ಗೊಂಚಲು ತುರುಕಿದ. ಜಾಗಿಂಗ್ ಡ್ರೆಸ್ಸಿನವರೊಬ್ಬರು, ನೋಡಿದರೆ ದೊಡ್ಡ ಓದು ಓದಿದವರ ಹಾಗಿದ್ದರು, ತಮ್ಮ ಕಾರಿನ ರಿಮೋಟನ್ನೇ ಆ ಪುಟ್ಟ ಮುಷ್ಟಿಯೊಳಗೆ ಒತ್ತಿದರು. ಅವಳ ಬೆರಳು ಬಿಗಿದುಕೊಂಡ ಹಾಗೆಲ್ಲ ಆಚೆ ಎಲ್ಲೋ ಒಂದು ಕಾರು ಕುಂಯ್ ಕುಂಯ್ ಅನ್ನತೊಡಗಿತು. ಲೈಟು ಹತ್ತುತ್ತದೆ, ಆರುತ್ತದೆ. ಒಬ್ಬಳು ಚಪ್ಪಲಿ ಮೂಗಿಗೆ ಹಿಡಿಯಲು ಬಗ್ಗಿದಳು. ಇನ್ನೊಬ್ಬ ವಡೆ ಅಂಗಡಿಯಿಂದ ಚಮಚ ತಂದು ಇಂಚರನ ಹಲ್ಲಿನ ಮಧ್ಯೆ ತೂರಿಸಲು ನೋಡಿದ.

“ಬಿಡ್ರೀ!”

ಆ ದನಿ ನನ್ನದು ಅಂತ ನನಗೇ ತಿಳಿಯಲಿಲ್ಲ. ಸಿಸ್ಟರ್ ಇದ್ದಿದ್ದರೆ ಏನನ್ನುತ್ತಿದ್ದರೋ. “ಎಲ್ಲಾ ಹಿಂದಕ್ಕೆ ಹೋಗಿ! ಬಾಯಿಗೆ ಏನೂ ಹಾಕ್ಬೇಡಿ! ಕೈ ಕಾಲು ಹಿಡೀಬೇಡಿ! ಆ ಚಪ್ಪಲಿ ಕಾಲಿಗೆ ಹಾಕ್ಕೊಳ್ಳಿ!”

ಹಿಂದಕ್ಕೆ ಹೋದರು. ನನ್ನ ದುಪಟ್ಟಾ ಮಡಚಿ ಅವಳ ತಲೆಯ ಕೆಳಗಿಟ್ಟೆ. ಕುತ್ತಿಗೆಯ ಬಳಿ ಸಡಿಲ ಮಾಡಿದೆ. ಒಂದು ಮಗ್ಗುಲಿಗೆ ಹೊರಳಿಸಿದೆ. ವಾಚು ನೋಡಿದೆ. ಅಷ್ಟೇ ಮಾಡಬೇಕಾದದ್ದು. ಡಾಕ್ಟರು ಹೇಳಿದ್ದು ಇಷ್ಟೇ: ಐದು ನಿಮಿಷ ದಾಟಿದರೆ, ಅಥವಾ ನಿಂತು ಮತ್ತೆ ಶುರುವಾದರೆ ತಕ್ಷಣ ಆಸ್ಪತ್ರೆ. ಇಲ್ಲದಿದ್ದರೆ ಪಕ್ಕದಲ್ಲಿ ಕೂತಿರಿ. ಕೂತಿರುವುದು ಎಷ್ಟು ಕಷ್ಟ ಅಂತ ಮಾತ್ರ ಅವರು ಹೇಳಿರಲಿಲ್ಲ. ಐದು ನಿಮಿಷ ಆಗುವ ಮೊದಲೇ ನಿಂತಿತು. ಮೈ ಸಡಿಲವಾಯಿತು. ಅವಳ ಉಸಿರು ನಿದ್ದೆಯ ಉಸಿರಾಯಿತು. ಮುಷ್ಟಿ ಬಿಚ್ಚಿಕೊಂಡಾಗ ಅಂಗೈಯಲ್ಲಿ ಕೀಗಳ ಹಲ್ಲು ಮೂಡಿದ್ದವು.

ಸವಿತ ಓಡಿ ಬಂದಳು. ಅವಳ ಹಿಂದೆಯೇ ಅವರೂರಿನ ಟೆಂಪೋದಲ್ಲಿ ಬಂದ ಜಯಮ್ಮ ಅನ್ನುವ ದೊಡ್ಡ ಹೆಂಗಸು. ಸವಿತ ಮಗಳ ಪಕ್ಕ ಕುಸಿದು ಕೂತಳು.

“ಬೆಳಿಗ್ಗೆ ಮಾತ್ರೆ?” ಅಂತ ಮೆಲ್ಲಗೆ ಕೇಳಿದೆ.

ತಲೆ ತಗ್ಗಿಸಿದಳು. ನನ್ನ ಕಿವಿಯ ಹತ್ತಿರ ಬಂದು ಹೇಳಿದಳು. “ಬ್ಯಾಗಲ್ಲೇ ಇತ್ತು ಅಕ್ಕ. ಟೆಂಪೋಲಿ ಎಲ್ರೂ ಮೈಗ್ ಮೈ ಅಂಟ್ಕಂಡ್ ಕುಂತಿದ್ರು. ಏನ್ ಮಾತ್ರೆ ಅಂತ ಕೇಳ್ತಾರೆ ಅಂತ… ತಗ್ಯಾಕಾಗ್ನಿಲ್ಲ. ಇಳಿದ್ಮ್ಯಾಲೆ ಕೊಡಾನಾ ಅಂದ್ರೆ ಆಗ್ಲೂ ಸುತ್ತ ಜನ.”

ಮಾತ್ರೆ ಬ್ಯಾಗಿನಲ್ಲಿ, ಮಗಳು ಪಕ್ಕದಲ್ಲಿ, ನೀರು ಬಾಟಲಿಯಲ್ಲಿ. ಮೂರನ್ನೂ ಒಂದು ಮಾಡಲು ಆಗಲಿಲ್ಲ. ಅಡ್ಡ ಇದ್ದದ್ದು ನಾಲ್ಕು ಜನರ ಕಣ್ಣು.

ಆಗ ಮೈದಾನದ ಮೈಕು ಮಾತಾಡಿತು. ಸೆಕ್ರೆಟರಿಯವರ ನಯವಾದ ದನಿ. “ಯಾರೂ ಗಾಬರಿಯಾಗಬಾರದು. ಒಂದು ಮಗುವಿಗೆ ಬಿಸಿಲಿಗೆ ತಲೆ ಸುತ್ತು ಬಂದಿದೆ ಅಷ್ಟೇ. ಬಿಸಿಲಿಗೆ ತಲೆ ಸುತ್ತು ಅಷ್ಟೇ. ತಿಂಡಿ ರೆಡಿ ಇದೆ, ಎಲ್ಲರೂ ಸಾಲಾಗಿ ಬರಬೇಕು.”

ಬಿಸಿಲು! ಮಂಜು ಇನ್ನೂ ಕರಗಿರಲಿಲ್ಲ. ನನ್ನ ಬಾಯಿಂದ ಹೊಗೆ ಬರುತ್ತಿತ್ತು. ಮಕ್ಕಳ ಮೂರ್ಛೆ ರೋಗದ ಜಾಗೃತಿಗೆ ಅಂತ ಸಾವಿರಾರು ಕಿವಿಗಳನ್ನು ಒಂದು ಮೈದಾನದಲ್ಲಿ ಸೇರಿಸಿದ್ದೀರಿ. ಕೈಯಲ್ಲಿ ಮೈಕಿದೆ. ಕಣ್ಣೆದುರಿಗೆ ಒಂದು ಮಗುವಿಗೆ ಅದೇ ಆಗಿದೆ. ಹೀಗಾದರೆ ಏನು ಮಾಡಬೇಕು, ಏನು ಮಾಡಬಾರದು ಅಂತ ಎರಡು ಮಾತು ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಯಾವುದಿತ್ತು? ಬದಲಿಗೆ ಸೂರ್ಯನ ಮೇಲೆ ಹಾಕಿದಿರಲ್ಲ! ಅವನಿನ್ನೂ ಎದ್ದೇ ಇರಲಿಲ್ಲ, ಪಾಪ.

ನನ್ನ ತೊಡೆಯ ಮೇಲೆ ಇಂಚರ ಅಲುಗಿದಳು. ಸ್ವಲ್ಪ ಹೊತ್ತು ಮಂಕಾಗಿ ನಮ್ಮನ್ನೇ ನೋಡಿದಳು. ಮೈಕು ಮೂರನೆಯ ಸಲ ಬಿಸಿಲು ಅಂದಾಗ, ಒಣಗಿದ ದನಿಯಲ್ಲಿ ಕೇಳಿದಳು.

“ಅವ್ವ, ಬಿಸ್ಲು ಎಲ್ಲದೆ?”

ಸುತ್ತ ನಿಂತವರಲ್ಲಿ ಯಾರೋ, “ಪಾಪ, ಬಿಸ್ಲು ಆಗಾಕಿಲ್ವೇನೋ, ಟಿಪನ್ ಮಾಡ್ಸಿರ್ನಿಲ್ಲ ಅನ್ಸತ್ತೆ,” ಅಂದರು. ಇನ್ನೊಬ್ಬಳು, “ದೃಷ್ಟಿ ಕಣವ್ವ, ಚೆನ್ನಾಗ್ ಓಡ್ತಿತ್ತಲ್ಲ ಮಗ,” ಅಂದಳು. ಒಪ್ಪಿಕೊಂಡುಬಿಟ್ಟರೆ ಮುಗಿಯುತ್ತಿತ್ತು. ಎಷ್ಟು ಸುಳ್ಳುಗಳನ್ನು ಜನ ತಾವೇ ತಟ್ಟೆಯಲ್ಲಿಟ್ಟು ಕೊಡುತ್ತಿದ್ದರು ನೋಡಿ! ಯಾವುದಾದರೂ ಒಂದನ್ನು ತೆಗೆದುಕೊಂಡರೆ ಸಾಕಿತ್ತು.

ಸವಿತ ಮಗಳ ಅಂಗೈ ಹಿಡಿದು ಆ ಕೀಗಳ ಗುರುತನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು. ಉಜ್ಜುತ್ತಲೇ ಇದ್ದಳು. ಆಮೇಲೆ ಎದ್ದು ನಿಂತಳು.

“ಬಿಸ್ಲೂ ಅಲ್ಲ, ದೃಷ್ಟಿನೂ ಅಲ್ಲ. ನನ್ ಮಗೀಗೆ ಪಿಟ್ಸ್ ಅದೆ. ಮಾತ್ರೆ ತಿಂತಾಳೆ. ತಿಂದ್ರೆ ಸಂದಾಕಿರ್ತಾಳೆ. ಇವತ್ತು ನಾನ್ ಕೊಡ್ನಿಲ್ಲ. ಯಾಕ್ ಕೊಡ್ನಿಲ್ಲ? ನಿಮ್ಗೆ ಎದ್ರುಕೊಂಡು ಕೊಡ್ನಿಲ್ಲ. ನೀವ್ ಏನಂತೀರೋ ಅಂತ. ಈಗನ್ನಿ. ಅನ್ನೋದೆಲ್ಲ ಅಂದ್ಬುಡಿ ನೋಡಾನ!”

ರಿಮೋಟಿನವರು ತಮ್ಮ ರಿಮೋಟನ್ನು ನೆಲದಿಂದ ಎತ್ತಿಕೊಂಡು, ಟೀ ಶರ್ಟಿಗೆ ಒರೆಸಿಕೊಂಡು, ಹೊರಟುಹೋದರು.

ಜಯಮ್ಮ ಮಾತ್ರ ಅಲ್ಲೇ ರಸ್ತೆಯ ಮೇಲೆ ಕುಕ್ಕುರುಗಾಲಲ್ಲಿ ಕೂತರು. ಇಂಚರನ ಜಡೆಯಿಂದ ಬಿಚ್ಚಿಕೊಂಡಿದ್ದ ರಿಬ್ಬನ್ನು ಕಟ್ಟುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದರು. “ನನ್ ತಮ್ಮಂಗೂ ಇತ್ತು ಕಣವ್ವ. ನಮ್ಮವ್ವ ಬಾಯ್ ಬುಟ್ಟಿರ್ನಿಲ್ಲ, ನಮ್ಗೂ ಬುಡಕ್ಕೆ ಬುಟ್ಟಿರ್ನಿಲ್ಲ. ಐಕ್ಳ ಜೊತೆ ಕಾಲ್ವೆಗೆ ಈಜಕ್ಕೆ ಓದ. ಗೊತ್ತಿದ್ರೆ ಒಬ್ರಾದ್ರೂ ಅವ್ನ ಮ್ಯಾಲೆ ಕಣ್ಣಿಟ್ಟಿರೋರು. ಊರಿಗೆಲ್ಲ, ಸುಳಿಗೆ ಸಿಕ್ದ ಅಂತ ಏಳುದ್ವಿ. ಈಗ್ಲೂ ಅಂಗೇ ಏಳ್ತೀವಿ.”

ಟೆಂಪೋದಲ್ಲಿ ಸವಿತ ಹೆದರಿದ್ದು ಈ ಜಯಮ್ಮನ ಕಣ್ಣಿಗೆ. ಇಬ್ಬರೂ ಮೈಗೆ ಮೈ ತಾಕಿಸಿಕೊಂಡು, ಬೆಳಕವಾಡಿಯಿಂದ ಮದ್ದೂರಿನವರೆಗೆ, ಒಂದೇ ಗುಟ್ಟನ್ನು ಒಬ್ಬರಿಂದ ಒಬ್ಬರು ಮುಚ್ಚಿಟ್ಟುಕೊಂಡು ಬಂದಿದ್ದರು.

ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ನೋಡಿ, ಏನೂ ತೊಂದರೆಯಿಲ್ಲ ಅಂದು, ಮಾತ್ರೆ ತಪ್ಪಿಸಿದ್ದಕ್ಕೂ ನಿದ್ದೆ ಕೆಡಿಸಿದ್ದಕ್ಕೂ ಸೇರಿಸಿ ಬೈದರು. ಬೈಗುಳದಲ್ಲಿ ನನಗೂ ಪಾಲು ಬಂತು. ನ್ಯಾಯವೇ. ಇಂಚರನ ದುಃಖ ಮಾತ್ರ ಬೇರೆ. ಕಮಾನು ದಾಟದ್ದಕ್ಕೆ ಮೆಡಲು ಇಲ್ಲ. ವಡೆಯೂ ಹೋಯಿತು.

ಸಂಜೆ ಸೆಕ್ರೆಟರಿಯವರ ಫೋನು ಬಂತು. ಮಗು ಹೇಗಿದೆ ಅಂತ ವಿಚಾರಿಸಿದರು, ಸುಳ್ಳು ಹೇಳಬಾರದು. ಆಮೇಲೆ: “ಮೇಡಂ, ನೀವು ಪೇಪರಲ್ಲಿ ಬರೀತೀರಲ್ಲ, ಇದನ್ನ ಮಾತ್ರ ಬರೀಬೇಡಿ. ಪ್ರೋಗ್ರಾಂ ತುಂಬಾ ಸಕ್ಸಸ್ ಆಯ್ತು. ಇದೊಂದು ನೆಗೆಟಿವ್ ಆಗಿಬಿಡುತ್ತೆ.”

ಸರ್, ನೆಗೆಟಿವ್ ಆಗಿದ್ದು ಮಗುವಿಗೆ ಫಿಟ್ಸ್ ಬಂದದ್ದಲ್ಲ. ಅದು ಮಕ್ಕಳಿಗೆ ಬರುವ ಒಂದು ಕಾಯಿಲೆ, ಅದಕ್ಕೆ ಮಾತ್ರೆ ಇದೆ. ಬೀಗದ ಕೈಗಳಿಗೆ, ಚಮಚಕ್ಕೆ, ಚಪ್ಪಲಿಗೆ, ನಿಮ್ಮ ಮೈಕಿಗೆ ಯಾವ ಮಾತ್ರೆ ಇದೆ? ನೀವು ಸೇರಿಸಿದ ಹಣದಲ್ಲಿ ಸ್ಕೂಲುಗಳಿಗೆ ಡಾಕ್ಟರನ್ನು ಕಳಿಸುತ್ತೀರಿ, ಸಂತೋಷ. ಮೊದಲ ಕ್ಲಾಸು ಕಮಿಟಿಗೇ ಆಗಲಿ. ಮೊದಲ ಪಾಠ, ಆ ಪದವನ್ನು ಬಾಯಿಬಿಟ್ಟು ಹೇಳುವುದು. ಮೂರ್ಛೆ ರೋಗ. ನೋಡಿ, ನಾನು ಹೇಳಿದೆ. ಏನೂ ಆಗಲಿಲ್ಲ. ಪೇಪರು ಹರಿಯಲಿಲ್ಲ.

ಮಾರನೆಯ ವಾರ ಸವಿತ ಮಳವಳ್ಳಿಯ ಸ್ಕೂಲಿಗೆ ಹೋಗಿ ಕ್ಲಾಸ್ ಟೀಚರಿಗೆ ಹೇಳಿಬಂದಳು. ಅವರೇನಂದರು ಅಂತ ಕೇಳಿದೆ. “ಮೊದ್ಲೇ ಯಾಕ್ ಏಳ್ನಿಲ್ಲ ಅಂದ್ರು. ಆಮೇಲೆ, ಏನ್ ಮಾಡ್ಬೇಕು ತೋರ್ಸಿಕೊಡಿ ಅಂದ್ರು. ಬೆಂಚ್ ಮ್ಯಾಲೆ ಮನಿಕ್ಕಂಡು ತೋರ್ಸ್ದೆ ಕಣಕ್ಕ.” ನಗುತ್ತಿದ್ದಳು. ಅವಳ ಅಡುಗೆಮನೆಯಲ್ಲಿ ಈಗ ಮಾತ್ರೆ ಅದರದೇ ಪಟ್ಟಿಯಲ್ಲಿ, ಉಪ್ಪಿನ ಜಾಡಿಯ ಪಕ್ಕ, ಬಂದವರಿಗೆಲ್ಲ ಕಾಣುವ ಹಾಗೆ ಕೂತಿದೆ. ಎಲ್ಲ ಸರಿಹೋಯಿತು ಅಂತ ನಾನು ಹೇಳುತ್ತಿಲ್ಲ. ಟೆಂಪೋದಲ್ಲಿ ಬಂದ ಒಂದು ಮನೆಯವರು ತಮ್ಮ ಮಗಳನ್ನು ಇಂಚರನ ಜೊತೆ ಬಸ್ಸಿನಲ್ಲಿ ಕೂರಿಸುತ್ತಿಲ್ಲವಂತೆ. ಅಂಟುತ್ತದೆ ಅಂತ. ಅಂಟುವುದು ಯಾವುದು ಅಂತ ಅವರಿಗೆ ಯಾರು ಹೇಳಬೇಕು?

ಬೋರಲಿಂಗಣ್ಣ ಮತ್ತೆ ಬಂದಿದ್ದರು. ಮದ್ದೂರಿನಲ್ಲಿ ಧನ್ಯವಾದದ ಫ್ಲೆಕ್ಸು ಕಟ್ಟಿದ್ದಾರೆ ಅಂತ ಕೇಳಿ ಜೀವ ತಡೆದಿಲ್ಲ.

“ಅಮ್ಮಾರೆ, ನನ್ ಎಸ್ರು ಬಂದಿಲ್ಲ ತಾನೆ?”

“ಇಲ್ಲಣ್ಣ. ಯಾರ ಹೆಸರೂ ಬಂದಿಲ್ಲ. ಸರ್ವ ಹಿತೈಷಿಗಳಿಗೆ ಅಂತ ಹಾಕಿದ್ದಾರೆ.”

ನಿರಾಳವಾಗಿ ಕಾಫಿ ಕುಡಿದರು.

ಇದನ್ನು ಬರೆಯುವ ಮೊದಲು ಇಂಚರನಿಗೆ ಫೋನು ಮಾಡಿದೆ. ಅವಳ ವಿಷಯ, ಅವಳ ಒಪ್ಪಿಗೆ ಬೇಕಲ್ಲ. ಸವಿತ, “ಅವ್ಳನ್ನೇ ಕೇಳಿ,” ಅಂತ ಫೋನು ಕೊಟ್ಟಳು. ನಿನ್ನ ಬಗ್ಗೆ ಬರೀತೀನಿ, ಹೆಸರು ಬೇರೆ ಹಾಕ್ತೀನಿ, ಯಾರಿಗೂ ಗೊತ್ತಾಗಲ್ಲ ಅಂದೆ.

“ಯಾಕೆ? ನಾನೇನ್ ಕದ್ದಿದ್ದೀನಾ?”

ಆಮೇಲೆ ಒಂದು ಷರತ್ತು. “ಬೀಳ್ದೆ ಇದ್ದಿದ್ರೆ ನಿನ್ಗಿಂತ ಮುಂದೆ ನಾನೇ ಬತ್ತಿದ್ದೆ ಅಂತನೂ ಬರಿ.”

ಬರೆದಿದ್ದೇನೆ, ಮಗಳೇ.

ಈ ಬರಹದಲ್ಲಿ ಬೋರಲಿಂಗಣ್ಣನ ಹೆಸರು ಬದಲಾಯಿಸಿದ್ದೇನೆ, ಅವರು ಕೈಮುಗಿದು ಕೇಳಿಕೊಂಡಿದ್ದರು. (ಫ್ಯಾನಿನ ಮೇಲೆ ಹುಡುಕಬೇಡಿ.) ಇಂಚರನ ಹೆಸರು ಬದಲಾಯಿಸಿಲ್ಲ.

ಕಾಯಿಲೆ ಯಾರಿಗೆ ಅಂತ ಈಗ ನೀವೇ ಹೇಳಿ.